ಬಾವಿಕಟ್ಟೆಯ ಒಳ್ಳೆಮೆಣಸು

ಮಳೆ ಜಡಿಯುವ ಆಟಿ ತಿಂಗಳ ಆ ಗಾಳಿಗೆ ನೇರಳಡ್ಕದ ದೊಡ್ಡ ಮನೆಯ ಒಂದು ಹೆಂಚೂ ಅಲುಗಲಿಲ್ಲ. ಗುಡ್ಡದ ಬುಡದಲ್ಲಿದ್ದ ಮಾಂಕುವಿನ ಗುಡಿಸಲಿನ ಮುಳಿಹುಲ್ಲಿನ ಮಾಡು ಮಾತ್ರ ಎದ್ದುಹೋಗಿ ಯಾರದೋ ಗದ್ದೆಯಲ್ಲಿ ಕೂತಿತು. ಬೆಳಿಗ್ಗೆ ಮಳೆ ಸ್ವಲ್ಪ ಬಿಟ್ಟಾಗ ಮಾಂಕು ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಆಕಾಶ ನೋಡುತ್ತಿದ್ದಳು. ಒಲೆಯೊಳಗೆ ಒಂದು ಕಪ್ಪೆ ಸೇರಿಕೊಂಡಿತ್ತು. ಗಂಡ ಬಟ್ಯ ಅದನ್ನು ಓಡಿಸಲು ಹೋದ. ಇರಲಿ ಬಿಡು, ಇವತ್ತಿನ ಅಡಿಗೆ ಅದೇ ಮಾಡಲಿ ಎಂದಳು ಮಾಂಕು.

ಅಷ್ಟರಲ್ಲಿ ಗುಡ್ಡದ ಮೇಲಿಂದ ದೊಡ್ಡ ಮನೆಯ ರುಕ್ಮಯ್ಯ ಧಣಿಯ ಕೂಗು ಬಂತು. ಮೆಣಸಿನ ಬಳ್ಳಿಗಳೆಲ್ಲ ನೆಲ ಹಿಡಿದಿವೆ, ಎಲ್ಲರೂ ಬನ್ನಿ ಎಂದು. ಅವನು ನಿಂತ ಜಾಗದಿಂದ ಮಾಡು ಹಾರಿಹೋದ ಗುಡಿಸಲು ಚೆನ್ನಾಗಿ ಕಾಣುತ್ತಿತ್ತು. ಒಳಗಿದ್ದ ಮಡಕೆ ಕೂಡ ಕಾಣುತ್ತಿತ್ತು. ಆದರೆ ಅವನು ಅದರ ಸುದ್ದಿ ಎತ್ತಲಿಲ್ಲ.

ಮಾಂಕು, ಬಟ್ಯ ಮತ್ತು ಅಕ್ಕಪಕ್ಕದ ಗುಡಿಸಲಿನವರೆಲ್ಲ ಆ ಮನೆಯ ಮೂಲದಾಳುಗಳು. ಅಜ್ಜ ದುಡಿದ ಮನೆಗೇ ಮೊಮ್ಮಗನೂ ದುಡಿಯಬೇಕು. ಜಾತಿಯಲ್ಲಿ ಮೇರರು. ಮುಟ್ಟಿದರೆ ಮೈಲಿಗೆ, ಹತ್ತಿರ ಬಂದರೂ ಮೈಲಿಗೆ. ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು. ಮದ್ರಾಸಿನ ಕೈಕೆಳಗಿದ್ದ ಜಿಲ್ಲೆ ಮೈಸೂರಿಗೆ ಸೇರಿತ್ತು. ಮುಟ್ಟಬಾರದು ಎನ್ನುವುದೇ ಅಪರಾಧ ಎಂದು ಕಾನೂನು ಕೂಡ ಬಂದಿತ್ತಂತೆ. ಅದು ಬೆಳ್ತಂಗಡಿಯವರೆಗೆ ಬಂದದ್ದು ನಿಜವಿರಬೇಕು. ಅಲ್ಲಿಂದ ನೇರಳಡ್ಕಕ್ಕೆ ಬಸ್ಸು ಇರಲಿಲ್ಲ.

ದೊಡ್ಡ ಮನೆಯ ಹಿತ್ತಿಲಿಗೆ ಒಂದು ತಡಮೆ ಇತ್ತು. ಎರಡು ಕಲ್ಲುಕಂಬ, ನಡುವೆ ಅಡ್ಡ ಬಿದಿರು. ಕಾಲೆತ್ತಿ ದಾಟಿದರೆ ಒಳಗೆ ಬಾವಿ, ಬಾವಿಯ ಸುತ್ತ ಹಾಲುವಾಣದ ಮರಗಳು, ಮರಗಳಿಗೆ ಹಬ್ಬಿದ ಒಳ್ಳೆಮೆಣಸಿನ ಬಳ್ಳಿಗಳು. ಇಡೀ ಸೀಮೆಯಲ್ಲಿ ಅಷ್ಟು ದಪ್ಪ ಕಾಳಿನ ಮೆಣಸು ಇಲ್ಲ ಎಂದು ಧಣಿಗೆ ಹೆಮ್ಮೆ. ಮೇರರು ಆ ತಡಮೆ ದಾಟಬಾರದು. ಒಳಗಿನ ಬಳ್ಳಿಗಳನ್ನು ನೋಡಿಕೊಳ್ಳುವವರು ಮನೆಯ ಒಕ್ಕಲುಗಳು, ಮೇಲಿನ ಜಾತಿಯವರು. ಹೊರಗಿನ ಗುಡ್ಡದ ಬಳ್ಳಿಗಳು ಮಾಂಕುವಿನವರ ಪಾಲು.

ಗುಡ್ಡದಲ್ಲಿ ಅವರು ಮೂರು ದಿನ ದುಡಿದರು. ಮೊದಲು ನಿಂತ ನೀರನ್ನು ಹರಿಸಿ ಬಿಡಬೇಕು. ಬುಡದಲ್ಲಿ ನೀರು ನಿಂತರೆ ಬೇರು ಕೊಳೆತು ಬಳ್ಳಿ ಸಾಯುತ್ತದೆ. ಬಟ್ಯ ಹಾರೆ ಹಿಡಿದು ನೀರು ಹೋಗುವ ಕಣಿ ತೋಡಿದ. ಕೆಸರು ಮೊಣಕಾಲಿಗೆ ಬಂತು. ಬಿದ್ದ ಬಳ್ಳಿಯನ್ನು ಎಳೆಯುವಂತಿಲ್ಲ, ಎಳೆದರೆ ಗಂಟಿನಲ್ಲೇ ಮುರಿಯುತ್ತದೆ. ಮಾಂಕು ಅದರ ಕೆಳಗೆ ಹೆಗಲು ಕೊಟ್ಟು, ನೆನೆದು ಭಾರವಾದ ಆ ಹಸಿರು ರಾಶಿಯನ್ನು ಮೆಲ್ಲಗೆ ಎತ್ತಿ ನಿಂತಳು. ಇನ್ನೊಬ್ಬರು ಮರ ಹತ್ತಿ ಬಾಳೆನಾರಿನಲ್ಲಿ ಕಟ್ಟುತ್ತಾ ಬಂದರು. ಹಾಲುವಾಣದ ಮುಳ್ಳು ಕೈಯನ್ನು ಗೀರಿತು. ಗೂಡು ಒಡೆದ ಚಗಳಿ ಇರುವೆಗಳು ಕತ್ತಿನೊಳಗೆ ಇಳಿದು ಕಚ್ಚಿದವು. ಎರಡೂ ಕೈ ಬಳ್ಳಿಯಲ್ಲಿ. ಕೆರೆದುಕೊಳ್ಳುವ ಹಾಗಿಲ್ಲ. ಮಾಂಕು ಇರುವೆಗಳ ಅಪ್ಪ ಅಜ್ಜಂದಿರನ್ನೆಲ್ಲ ಒಬ್ಬೊಬ್ಬರಾಗಿ ಕರೆದು ಬೈದಳು. ಕೆಲವು ಬೈಗುಳ ಇರುವೆಗಳಿಗೆ ಸಂಬಂಧಪಟ್ಟವಾಗಿರಲಿಲ್ಲ.

ಮಧ್ಯಾಹ್ನ ಗಂಜಿ. ತಡಮೆಯ ಹೊರಗೆ ನೆಲದಲ್ಲಿ ಹೊಂಡ ತೋಡಿ, ಅದರ ಮೇಲೆ ಬಾಳೆಲೆ ಒತ್ತಿ ಕೂರಬೇಕು. ಮನೆಯಾಳು ದೂರದಿಂದ ಎತ್ತಿ ಹೊಯ್ಯುತ್ತಾನೆ. ಆ ದಿನಗಳಲ್ಲಿ ಹೊಯ್ದ ಗಂಜಿಗಿಂತ ಬಿದ್ದ ಮಳೆಯೇ ಹೆಚ್ಚು. ಎಲೆ ತುಂಬಿ, ಅನ್ನದ ಅಗುಳು ತೇಲಿ ಹೊಂಡದಿಂದ ಹೊರಟೇ ಹೋಗುತ್ತಿತ್ತು. ಬಟ್ಯ ಒಂದು ಅಗುಳಿನ ಹಿಂದೆ ಬೆರಳು ಓಡಿಸಿ, ಮೀನು ಹಿಡಿದಂತೆ ಹಿಡಿದು ತಿಂದ. ಎಲ್ಲರೂ ನಕ್ಕರು. ಮಾಂಕು ನಗಲಿಲ್ಲ. ತಡಮೆಯ ಆಚೆ ಬಾವಿಯ ರಾಟೆ ಕಾಣುತ್ತಿತ್ತು. ಅವಳು ಅದನ್ನೇ ನೋಡುತ್ತಿದ್ದಳು.

ಹಿಂದಿನ ಬೇಸಿಗೆಯಲ್ಲಿ ಮೆಣಸು ಕೊಯ್ಯುವಾಗ ಮಾಂಕು ಬಸುರಿ. ಬುಟ್ಟಿ ಹೊತ್ತು ಈ ತಡಮೆಯ ಬಳಿ ಬಂದು ನೀರು ಬೇಕೆಂದು ಕೂಗಿದಳು. ಯಾರಾದರೂ ಬಂದು ಮೇಲಿಂದ ಬೊಗಸೆಗೆ ಹೊಯ್ಯಬೇಕು. ಯಾರೂ ಬರಲಿಲ್ಲ. ಕಣ್ಣು ಕತ್ತಲೆ ಕಟ್ಟಿತು. ಅವಳು ತಡಮೆ ದಾಟಿ ಬಾವಿಹಗ್ಗಕ್ಕೆ ಕೈ ಹಾಕಿದಳು. ಕೊಡ ಅರ್ಧ ಬರುವಷ್ಟರಲ್ಲಿ ಧಣಿ ಕಂಡ. ಬಾವಿಯ ನೀರನ್ನೆಲ್ಲ ಮೊಗೆದು ಚೆಲ್ಲಿಸಿದ. ಮೊಗೆದು ಮುಗಿಯುವವರೆಗೆ ಮಾಂಕು ಮೆಣಸಿನ ಬುಟ್ಟಿ ತಲೆಯ ಮೇಲೆ ಹೊತ್ತು ಬಿಸಿಲಿನಲ್ಲಿ ನಿಲ್ಲಬೇಕು ಎಂದ. ನಿಂತಳು. ಕಾಲ ಬಳಿಯಲ್ಲೇ ನೀರು ಹರಿದುಹೋಯಿತು. ಒಂದು ತೊಟ್ಟು ಯಾರೂ ಕೊಡಲಿಲ್ಲ. ಆ ವಾರವೇ ಬಸಿರು ಇಳಿದುಹೋಯಿತು. ಬಿಸಿಲಿಗೋ ಹೊರೆಗೋ ಯಾರೂ ಹೇಳಲಿಲ್ಲ. ಮಾಂಕು ಯಾರನ್ನೂ ಕೇಳಲೂ ಇಲ್ಲ.

ಗುಡ್ಡದ ಬಳ್ಳಿಗಳೆಲ್ಲ ಎದ್ದು ನಿಂತ ಮೇಲೆ ರುಕ್ಮಯ್ಯ ಧಣಿ ತಡಮೆಯ ಒಳಬದಿಗೆ ಬಂದು ನಿಂತ. ಬಾವಿಕಟ್ಟೆಯ ಹಾಲುವಾಣಗಳು ಮುರಿದು ಬಿದ್ದಿದ್ದವು. ಮೆಣಸೆಲ್ಲ ಕೆಸರಿನಲ್ಲಿ. ಎಳೆ ಗೊಂಚಲು ಬಿಟ್ಟ ಸಮಯ ಬೇರೆ. ಒಕ್ಕಲುಗಳನ್ನು ಕರೆದರೆ ಯಾರೂ ಬರುತ್ತಿಲ್ಲ, ಹೊಳೆನೀರು ನುಗ್ಗಿ ಅವರ ಗದ್ದೆಯ ಹುಣಿ, ಬದುಗಳೇ ಒಡೆದುಹೋಗಿವೆ. ಧಣಿ ಗಂಟಲು ಸರಿಮಾಡಿಕೊಂಡು, ಎಲ್ಲರೂ ಒಳಗೆ ಬನ್ನಿ ಎಂದ.

ಮಾಂಕು ತಲೆ ತಗ್ಗಿಸಿಯೇ ಕೇಳಿದಳು. "ಬಾವಿಯ ಹತ್ತಿರ ಅಲ್ವಾ ಧಣಿ?"

"ಇವತ್ತಿಗೆ ಅಡ್ಡಿಲ್ಲ. ನಾನೇ ಹೇಳ್ತಾ ಇದ್ದೇನಲ್ಲ."

"ನಾಳೆಗೆ?"

"ನಾಳೆ ಎಂತ ನಾಳೆ? ಕೆಲಸ ಮುಗಿದ ಮೇಲೆ ಭಟ್ರನ್ನು ಕರೆಸಿ ಶುದ್ಧ ಮಾಡಿಸ್ತೇನೆ. ಮತ್ತೆ ಎಂದಿನ ಹಾಗೆ."

ಮಾಂಕು ತನ್ನ ಅಂಗೈ ನೋಡಿಕೊಂಡಳು. ಮುಳ್ಳು ಗೀರಿದ ಕಡೆಯೆಲ್ಲ ಕೆಸರು ಹೊಕ್ಕು ಕಪ್ಪು ಗೆರೆಗಳಾಗಿದ್ದವು. ಈ ಕೈ ಇವತ್ತು ಆಗುತ್ತದೆ. ನಾಳೆ ಆಗುವುದಿಲ್ಲ. ಆದರೆ ಬಾಯಿಂದ ಬಂದದ್ದು ತುಂಬ ಮೆದುವಾದ ಮಾತು.

"ಬೇಡ ಧಣಿ. ನಮ್ಮಿಂದ ನಿಮ್ಮ ಬಾವಿ ಕೆಡುವುದು ಬೇಡ."

ಧಣಿಗೆ ಅರ್ಥವಾಗಲಿಲ್ಲ. ನಾನೇ ಕರೆಯುತ್ತಿದ್ದೇನಲ್ಲ ಎಂದ. ಮಾಂಕು, ನೀವು ದೊಡ್ಡ ಮನಸ್ಸಿನವರು, ಕರೀತೀರಿ, ನಾವು ಬರಬಾರದು ಎಂದಳು. ಬಟ್ಯ ಹೆಂಡತಿಯ ಮುಖ ನೋಡಿದ. ಮೊದಲು ಹೆದರಿದ. ಆಮೇಲೆ ಅವನ ಮೀಸೆಯ ತುದಿ ಸ್ವಲ್ಪ ಅಲುಗಿತು. ಹೌದು ಧಣಿ, ನಮಗೆ ಪಾಪ ಸುತ್ತಿಕೊಳ್ಳುತ್ತದೆ ಎಂದ. ಗುಂಪಿನಲ್ಲಿದ್ದ ಒಬ್ಬ ಮುದುಕ, ತನಗೆ ಆ ಬಾವಿ ಕಂಡರೇ ಮೊಣಕಾಲು ನಡುಗುತ್ತದೆ ಎಂದು ನಡುಗಿಸಿ ತೋರಿಸಿದ. ಉಳಿದವರು ಗಂಭೀರವಾಗಿ ತಲೆ ಆಡಿಸಿದರು.

ಧಣಿಗೆ ಆಗ ಅರ್ಥವಾಯಿತು. ಗುಡಿಸಲು ಕಿತ್ತು ಎಬ್ಬಿಸುತ್ತೇನೆ ಎಂದು ಗುಡುಗಿದ. ಮಾಡನ್ನು ಗಾಳಿ ಆಗಲೇ ಒಯ್ದಿದೆ, ಗೋಡೆಯನ್ನು ಮಳೆ ನೋಡಿಕೊಳ್ಳುತ್ತದೆ, ಧಣಿ ಸುಮ್ಮನೆ ಕೈ ನೋಯಿಸಿಕೊಳ್ಳುವುದು ಬೇಡ ಎಂದಳು ಮಾಂಕು. ಅವನು ಬೆತ್ತ ಹಿಡಿದು ತಡಮೆ ದಾಟಿದ. ಈ ಬೆತ್ತದ ರುಚಿ ಬಟ್ಯನ ಬೆನ್ನಿಗೆ ಹಳೆಯದು. ಆದರೆ ಬಟ್ಯ ಓಡಲಿಲ್ಲ. ಕೈ ಮುಗಿದುಕೊಂಡು ಹಿಂದೆ ಸರಿದ.

"ಹತ್ತಿರ ಬರಬೇಡಿ ಧಣಿ. ಮೈಲಿಗೆ ಆಗ್ತದೆ."

ಧಣಿ ಒಂದು ಹೆಜ್ಜೆ ಮುಂದೆ ಇಟ್ಟ. ಎಲ್ಲರೂ ಒಂದು ಹೆಜ್ಜೆ ಹಿಂದೆ ಇಟ್ಟರು. ಇನ್ನೊಂದು ಇಟ್ಟ. ಅವರೂ ಇನ್ನೊಂದು. ಅವನ ಅಜ್ಜನೇ ಹಾಕಿಕೊಟ್ಟ ದೂರ ಅದು, ಅದನ್ನು ಅವರು ಒಂದು ಗೇಣು ಕೂಡ ತಪ್ಪಿಸಲಿಲ್ಲ. ಅವನು ಜೋರಾಗಿ ನಡೆದರೆ ಅವರೂ ಜೋರು. ಬೇಲಿಯುದ್ದ, ಕಣಿಯುದ್ದ ಹೀಗೇ ಸಾಗಿತು. ಕೈ ಮುಗಿದುಕೊಂಡು ಹಿಮ್ಮುಖವಾಗಿ ನಡೆಯುವ ಗುಂಪು, ಬೆತ್ತ ಎತ್ತಿಕೊಂಡು ಬೆನ್ನಟ್ಟುವ ಧಣಿ. ಬಟ್ಯ ತೋಡಿದ ಹೊಸ ಕಣಿಯ ಬದಿಯಲ್ಲಿ ಧಣಿಯ ಕಾಲು ಜಾರಿತು. ಧೊಪ್ಪೆಂದು ಕೂತ. ಕೆಸರು ಸೊಂಟದವರೆಗೆ ನುಂಗಿತು.

ಯಾರೂ ನಗಲಿಲ್ಲ. ಅದೇ ಹೆಚ್ಚು ಕಷ್ಟದ ಕೆಲಸವಾಗಿತ್ತು. ಎಲ್ಲರೂ ಸುತ್ತ ಸರಿಯಾದ ದೂರದಲ್ಲಿ ನಿಂತು ಮರುಗಿದರು. ಎತ್ತೋಣವೆಂದರೆ ಮುಟ್ಟುವ ಹಾಗಿಲ್ಲವಲ್ಲ ಎಂದು ಮಾಂಕು ಕೈ ಹಿಸುಕಿಕೊಂಡಳು. ಧಣಿ ಒಂದು ಗಿಡ ಹಿಡಿದು ತಾನೇ ಎದ್ದ. ಹಿತ್ತಿಲ ಬಾಗಿಲಿನ ಹಿಂದಿನಿಂದ ಮಾತ್ರ ಯಾರೋ ಸೆರಗು ಬಾಯಿಗೆ ಒತ್ತಿಕೊಂಡು ಕೆಮ್ಮಿದ ಸದ್ದು ಬಂತು.

ಕೆಮ್ಮಿದವಳು ಧಣಿಯ ತಂಗಿ ನೀಲಾವತಿ. ಅಳಿಯಸಂತಾನದ ಮನೆ ಅದು. ಆಸ್ತಿ ಹೆಣ್ಣಿನ ಕವಲಿನದ್ದು, ಎಂದರೆ ನೀಲಾವತಿಯದ್ದು. ಯಜಮಾನಿಕೆ ಅಣ್ಣನದ್ದು, ಎಂದರೆ ಬೆತ್ತ ಅವನದ್ದು. ಮುಟ್ಟಾದಾಗ ನೀಲಾವತಿಯೂ ಮನೆಯ ಹೊರಗೆ, ದನದ ಹಟ್ಟಿಯ ಬದಿಯ ಕೋಣೆಯಲ್ಲಿ ಕೂರಬೇಕು. ಆ ದಿನಗಳಲ್ಲಿ ಬಾವಿ, ಬಳ್ಳಿ, ದೇವರ ಸಾಮಾನು ಯಾವುದನ್ನೂ ಮುಟ್ಟಬಾರದು. ಬೇಸಿಗೆಯಲ್ಲಿ ಮಾಂಕು ಬಿಸಿಲಿನಲ್ಲಿ ನಿಂತಿದ್ದನ್ನು ಅವಳು ಆ ಕೋಣೆಯ ಕಿಟಕಿಯಿಂದಲೇ ನೋಡಿದ್ದಳು.

ಮರುದಿನ ಧಣಿ ಹೆಗಲ ಬೈರಾಸನ್ನು ಸೊಂಟಕ್ಕೆ ಬಿಗಿದು ಹಾರೆ ಹಿಡಿದ. ಬಳ್ಳಿ ಎತ್ತಿ ಹಿಡಿಯಲು ಇನ್ನೊಬ್ಬರು ಬೇಕು. ತಂಗಿಯನ್ನು ಕರೆದ. ನೀಲಾವತಿ ಚಾಪೆ ಸುರುಳಿ ಮಾಡಿ ಕಂಕುಳಲ್ಲಿ ಇಟ್ಟುಕೊಂಡು ಹಟ್ಟಿಯ ಕಡೆ ಹೊರಟಿದ್ದಳು.

"ನಾನು ಹೊರಗೆ ಅಣ್ಣ."

"ಹೋದ ವಾರ ಅಲ್ವಾ ನೀನು ಹೊರಗಿದ್ದದ್ದು?"

"ಈ ಮಳೆಗೆ ಯಾವುದೂ ಸರಿಯಾದ ಹೊತ್ತಿಗೆ ಆಗುವುದಿಲ್ಲ" ಎಂದು ಹೇಳಿ ಅವಳು ಹೋಗಿ ಕೂತಳು. ಹಟ್ಟಿಯ ಬದಿಯಿಂದ ಬಾವಿಕಟ್ಟೆ ಪೂರ್ತಿ ಕಾಣುತ್ತಿತ್ತು. ಅಡಿಗೆಯ ಕೆಲಸವಿಲ್ಲ. ತಡಮೆಯ ಈಚೆ ಕೆಲಸಕ್ಕೆಂದು ಬಂದು ನಿಂತ ಮೇರರ ಸಾಲು, ಆಚೆ ಹಟ್ಟಿಯಲ್ಲಿ ಮನೆಯ ಒಡತಿ, ನಡುವೆ ಧಣಿಯೊಬ್ಬನೇ ಶುದ್ಧ.

ಅವನು ಒಂದು ಬಳ್ಳಿಗೆ ಹೆಗಲು ಕೊಟ್ಟ. ಎದ್ದ ಬಳ್ಳಿ ಅರ್ಧದಲ್ಲಿ ತಿರುಗಿ ಅವನ ಮೈಮೇಲೇ ಒರಗಿತು. ಅದರ ಜೊತೆ ಚಗಳಿಗಳೂ ಬಂದವು. ಧಣಿ ಕುಣಿದ ಕುಣಿತವನ್ನು ಮಾಂಕು ಕಣ್ಣು ತುಂಬ ನೋಡಿದಳು. ಮೂರು ದಿನ ತಾನು ತಿಂದ ಕಡಿತಗಳೆಲ್ಲ ಆ ಹೊತ್ತು ಸ್ವಲ್ಪ ತಣ್ಣಗಾದವು. ಮೆಲ್ಲಗೆ ಧಣಿ, ಕಾಲಿಗೆ ಮುಳ್ಳು ಉಂಟು ಧಣಿ ಎಂದು ಹೊರಗಿನಿಂದ ಎಲ್ಲರೂ ಭಕ್ತಿಯಿಂದ ಹೇಳುತ್ತಲೇ ಇದ್ದರು. ಮುಳ್ಳು ಚುಚ್ಚಿದ ಮೇಲೆ ಹೇಳುತ್ತಿದ್ದರು, ಅಷ್ಟೇ.

ಆಗಲೇ ಹಾಜಬ್ಬ ಬಂದ. ಮಡಂತ್ಯಾರಿನಲ್ಲಿ ಅಂಗಡಿ ಇಟ್ಟಿದ್ದ ಬ್ಯಾರಿ ಮುಸಲ್ಮಾನ. ಸುತ್ತಿನ ಮೆಣಸನ್ನೆಲ್ಲ ಕೊಳ್ಳುವವನು ಅವನೇ. ಗಾಳಿ ಎಷ್ಟು ಬೆಳೆ ಉಳಿಸಿದೆ ಎಂದು ನೋಡಲು ಕೊಡೆ ಹಿಡಿದು ಮನೆ ಮನೆ ತಿರುಗುತ್ತಿದ್ದ. ಕೆಸರು ಮೆತ್ತಿದವನು ಯಾರೆಂದು ಮೊದಲು ಅವನಿಗೆ ಗುರುತು ಸಿಗಲಿಲ್ಲ. ಧಣಿ ಮನೆಯಲ್ಲಿ ಇದ್ದಾರಾ ಎಂದು ಧಣಿಯನ್ನೇ ಕೇಳಿದ. ಗುರುತು ಸಿಕ್ಕಿದ ಮೇಲೆ ಇದೇನು ಎಂದ. ಮಾಂಕು ಹೊರಗಿನಿಂದಲೇ ಎಲ್ಲ ಹೇಳಿದಳು. ಬಾವಿಗೆ ಮೈಲಿಗೆ ಆಗಬಾರದೆಂದು ಧಣಿ ಸ್ವತಃ ಕಷ್ಟಪಡುತ್ತಿದ್ದಾರೆ, ನೋಡಿ ನಮಗೆ ಅಳು ಬರುತ್ತಿದೆ ಎಂದಳು.

ಹಾಜಬ್ಬ ಕೊಡೆ ಮಡಚಿ ಕಲ್ಲಿನ ಮೇಲೆ ಕೂತ. ಆ ಸಾಲನ್ನೂ ಧಣಿಯನ್ನೂ ಒಂದು ಸಲ ನೋಡಿದ.

"ಬೇಸಿಗೆಯಲ್ಲಿ ಮೆಣಸನ್ನು ಕಾಲಿನಲ್ಲಿ ಮೆಟ್ಟಿ ಬಿಡಿಸುವುದು ಇವರೇ ಅಲ್ವಾ ಧಣಿ?"

"ಇವರೇ. ಏನೀಗ?"

"ಏನಿಲ್ಲ. ಆ ಮೆಣಸು ನಿಮ್ಮ ಸಾರಿಗೂ ಬೀಳ್ತದಲ್ಲ, ಅದನ್ನು ಯಾವ ಭಟ್ರು ಶುದ್ಧ ಮಾಡುವುದು ಅಂತ ಕೇಳಿದೆ."

ಧಣಿ ಮತ್ತೆ ಬಳ್ಳಿಗೆ ಹೆಗಲು ಕೊಡಲು ಹೋದ. ಹಾಜಬ್ಬನೂ ಹೆಚ್ಚು ಹೊತ್ತು ಕೂರಲಿಲ್ಲ. ಅವನಿಗೆ ಮಡಂತ್ಯಾರಿಗೆ ಬೇಗ ಹೋಗಬೇಕಿತ್ತು. ಸಂಜೆಯೊಳಗೆ ಸಂತೆಯ ಅಂಗಡಿಗಳಲ್ಲೆಲ್ಲ ಈ ಸುದ್ದಿ ಬಿಸಿ ಬಿಸಿಯಾಗಿ ಹೋಯಿತು. ಮರುದಿನ ದಾರಿಯಲ್ಲಿ ಹೋಗುವವರು ಕಾರಣವಿಲ್ಲದೆ ನೇರಳಡ್ಕದ ಬೇಲಿಯ ಬಳಿ ನಿಂತು, ಬಾವಿಯ ಕ್ಷೇಮ ವಿಚಾರಿಸಿ ಹೋದರು.

ಬಳ್ಳಿಗಳ ಎಲೆ ಹಳದಿ ತಿರುಗತೊಡಗಿತು. ಎಳೆ ಗೊಂಚಲು ಉದುರತೊಡಗಿತು. ಧಣಿಯ ಕೈ ಬೊಬ್ಬೆಯೆದ್ದು ಒಡೆದಿತ್ತು. ಅವನು ತಡಮೆಯ ಬಳಿಗೆ ಬಂದು ನಿಂತ. ಈ ಸಲ ಬೆತ್ತ ಇರಲಿಲ್ಲ.

"ನಿಮಗೆ ಎಂತ ಬೇಕು ಮಾರಾಯ್ತಿ?"

ಮಾಂಕು ತಲೆ ಎತ್ತಿದಳು. ಅಷ್ಟು ವರ್ಷಗಳಲ್ಲಿ ಅವನ ಮುಖವನ್ನು ಅವಳು ನೇರವಾಗಿ ನೋಡಿದ್ದೇ ಇಲ್ಲ. ಮೂಗಿನ ಪಕ್ಕದಲ್ಲಿ ಒಂದು ನರುಳ್ಳೆ ಇತ್ತು. ಇಷ್ಟೇನಾ ಇವನು ಎನ್ನಿಸಿತು. ಅವಳ ಮಾತಿನಲ್ಲಿ ಆಗ ಆಟ ಇರಲಿಲ್ಲ.

"ಇವತ್ತು ಒಳಗೆ ಬಂದವರು ನಾಳೆಯೂ ಬರ್ತೇವೆ. ನೀರು ನಾವೇ ಸೇದಿ ಕುಡಿತೇವೆ. ಗಂಜಿ ಹೊಂಡಕ್ಕೆ ಬೇಡ, ಬಟ್ಟಲಿಗೆ ಹಾಕಿ. ಆಗ್ತದೆ ಅಂತಾದರೆ ಬಳ್ಳಿ ಎಬ್ಬಿಸುವ. ಆಗುವುದಿಲ್ಲ ಅಂತಾದರೆ ಅದು ಮಲಗಲಿ."

ಧಣಿ ಹಳದಿ ತಿರುಗಿದ ಬಳ್ಳಿಗಳನ್ನು ಒಂದು ಸಲ ನೋಡಿದ. ಆಮೇಲೆ ಬನ್ನಿ ಎಂದ. ಮನಸ್ಸಿನಲ್ಲಿ ಭಟ್ಟರನ್ನು ಕರೆಸುವ ಲೆಕ್ಕ ಹಾಕುತ್ತಿದ್ದ. ಅದು ಮಾಂಕುವಿಗೂ ಗೊತ್ತಿತ್ತು.

ಅವಳು ಕಾಲೆತ್ತಿ ತಡಮೆ ದಾಟಿದಳು. ಬಳ್ಳಿಯ ಕಡೆ ನೋಡಲಿಲ್ಲ. ನೇರ ಬಾವಿಗೆ ಹೋಗಿ ಕೊಡ ಇಳಿಸಿದಳು. ಮಳೆಗಾಲದ ಬಾವಿ, ನೀರು ಕೈಗೆಟಕುವಷ್ಟು ಮೇಲಿತ್ತು. ಆದರೂ ಹಗ್ಗದಲ್ಲೇ ಸೇದಿದಳು. ಬೇಸಿಗೆಯಲ್ಲಿ ಅರ್ಧಕ್ಕೆ ಬಿಟ್ಟ ಕೆಲಸ ಅದು. ಕುಡಿದಳು. ಬಟ್ಯನಿಗೆ ಕೊಟ್ಟಳು. ಒಬ್ಬೊಬ್ಬರೂ ಕುಡಿದರು. ಯಾರೂ ಅವಸರ ಮಾಡಲಿಲ್ಲ. ಮೊಣಕಾಲು ನಡುಗುವ ಮುದುಕ ಎರಡನೆಯ ಸಲ ಸಾಲಿಗೆ ಬಂದ. ಧಣಿ ಬೆನ್ನು ತಿರುಗಿಸಿ ನಿಂತಿದ್ದ. ಮಾಂಕುವಿಗೆ ಕುಡಿದ ನೀರು ಕಣ್ಣಿಗೇ ಬಂದಂತಾಯಿತು. ಮುಖ ತೊಳೆದುಕೊಂಡಳು. ಅತ್ತದ್ದು ಯಾರಿಗೂ ಗೊತ್ತಾಗಲಿಲ್ಲ.

ಆಮೇಲೆ ಕೆಲಸಕ್ಕೆ ಇಳಿದರು. ನಿಂತ ನೀರಿಗೆ ಕಣಿ ಬಿಟ್ಟರು. ಮುರಿದದ್ದನ್ನೂ ಕೊಳೆತದ್ದನ್ನೂ ಕತ್ತರಿಸಿ ದೂರ ಒಯ್ದು ಹಾಕಿದರು. ಹಾಲುವಾಣದ ದಪ್ಪ ಗೆಲ್ಲುಗಳನ್ನು ಹೊಸದಾಗಿ ಹುಗಿದು, ಅವು ಚಿಗುರುವವರೆಗೆ ಇರಲೆಂದು ಬಿದಿರಿನ ಊರುಗೋಲು ಕೊಟ್ಟರು. ಬಳ್ಳಿ ಎತ್ತಿ ಕಟ್ಟಿದರು. ಹೊರಬಿದ್ದ ಬೇರಿನ ಮೇಲೆ ಮಣ್ಣು ಏರಿಸಿ ಸೊಪ್ಪು ಮುಚ್ಚಿದರು. ಬಿಸಿಲು ಬಿದ್ದ ಒಂದು ದಿನ ಕೊಳೆರೋಗ ಬಾರದಂತೆ ಮೈಲುತುತ್ತು, ಸುಣ್ಣ ಕಲಸಿದ ನೀಲಿ ನೀರನ್ನು ಎಲೆಗೂ ಬುಡಕ್ಕೂ ಚಿಮುಕಿಸಿದರು. ನೀಲಾವತಿಯ ಮುಟ್ಟು ಅಷ್ಟರಲ್ಲಿ ತಾನಾಗಿ ನಿಂತಿತ್ತು. ಅವಳೇ ಹಳೆಯ ಹಿತ್ತಾಳೆ ಬಟ್ಟಲುಗಳನ್ನು ತಂದು ಸಾಲಾಗಿ ಇಟ್ಟು ಗಂಜಿ ಬಡಿಸಿದಳು. ಮಾಂಕುವಿನ ಬಟ್ಟಲಿಗೆ ಉಪ್ಪಿನಕಾಯಿ ಹಾಕುವಾಗ ಇನ್ನೊಂದು ಹೋಳು ಹೆಚ್ಚು ಹಾಕಿದಳು.

ಮೊದಲ ದಿನ ಅವರು ಹೋದೊಡನೆ ಭಟ್ಟರು ಬಂದು ಮಂತ್ರ ಹೇಳಿ ತೀರ್ಥ ಬಿಟ್ಟರು. ಒಕ್ಕಲುಗಳಲ್ಲಿ ಇಬ್ಬರನ್ನು ಎಳೆದು ತಂದು ಬಾವಿ ಮೊಗೆಸಿದ್ದೂ ಆಯಿತು. ಆಟಿಯ ಬಾವಿ ಅದು. ಅವರು ಮೊಗೆದಷ್ಟೂ ಕೆಳಗಿನಿಂದ ಉಕ್ಕುತ್ತಿತ್ತು, ಮೇಲಿಂದ ಮಳೆ ತುಂಬುತ್ತಿತ್ತು. ಬೆಳಿಗ್ಗೆ ಮಾಂಕು ಬಂದಳು. ಕಟ್ಟಿದ ಬಳ್ಳಿಯನ್ನು ದಿನಾ ನೋಡಬೇಕು ಧಣಿ, ಸಡಿಲವಾದದ್ದನ್ನು ಬಿಗಿಯಬೇಕು ಎಂದಳು. ಅದು ಸುಳ್ಳೂ ಅಲ್ಲ. ನೀರು ಸೇದಿ ಕುಡಿದಳು. ಮತ್ತೆ ಭಟ್ಟರು, ಮತ್ತೆ ಮೊಗೆಯುವುದು. ಮರುದಿನ ಬಟ್ಯನೂ ಬಂದು ಕುಡಿದ. ಭಟ್ಟರು ತಮಗೆ ಶೀತವಾಗಿದೆ ಎಂದು ಹೇಳಿ ಕಳಿಸಿದರು. ಒಕ್ಕಲುಗಳು ಹೇಳಿಯೂ ಕಳಿಸಲಿಲ್ಲ.

ಧಣಿ ಸೋಲು ಒಪ್ಪಲಿಲ್ಲ. ಬೇಸಿಗೆಯಲ್ಲಿ ಮನೆಯ ಮುಂದಿನ ಬದಿಗೆ ಹೊಸ ಬಾವಿ ತೋಡಿಸುತ್ತೇನೆ, ಇದು ಇವರಿಗೇ ಇರಲಿ ಎಂದು ತೀರ್ಮಾನಿಸಿದ. ಅಲ್ಲಿಯವರೆಗೆ ಮನೆಯವರು ಮಾಡಿನ ನೀರು ಹಿಡಿದು ಕುಡಿದರು. ಮಳೆ ನಿಂತ ಮೇಲೆ ಅವನು ಹರಿಯುವ ತೋಡಿನಿಂದ ನೀರು ಹೊತ್ತು ತರಿಸಿದ. ನೀಲಾವತಿ ಮಾತ್ರ ಹಳೆಯ ಬಾವಿಯ ನೀರಿನಿಂದಲೇ ಅಡಿಗೆ ಮಾಡುತ್ತಿದ್ದಳು. ಅಣ್ಣನಿಗೆ ಸಾರು ರುಚಿಸುತ್ತಿತ್ತು. ಯಾವ ನೀರು ಎಂದು ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ.

ಬಾವಿಕಟ್ಟೆಯ ಬಳ್ಳಿಗಳು ಚಿಗುರಿ ಊರುಗೋಲು ತಬ್ಬಿದವು. ಆ ವರ್ಷ ಫಸಲು ಅರ್ಧವೇ ಬಂತು, ಆದರೆ ಒಂದು ಬಳ್ಳಿಯೂ ಸಾಯಲಿಲ್ಲ. ಕೊಯ್ಲು ಮುಗಿದು ಬಿಸಿಲು ಏರಿದಾಗ ಧಣಿ ಹೊಸ ಬಾವಿಗೆ ಜಾಗ ಗುರುತು ಮಾಡಿಸಿದ. ಕೆಂಪು ಮುರಕಲ್ಲು ಒಡೆಯುವ ಕೆಲಸ. ಒಕ್ಕಲುಗಳು ಹಾರೆ ಮುಟ್ಟಲಿಲ್ಲ. ಅದು ನಮ್ಮ ಕೆಲಸವಲ್ಲ ಎಂದರು. ಧಣಿ ಯೋಚಿಸಿದ. ಬಾವಿ ತೋಡುವವರು ಊರಿನಲ್ಲಿ ಇನ್ನು ಯಾರಿದ್ದಾರೆ? ಮಾಂಕುವಿಗೇ ಹೇಳಿ ಕಳಿಸಿದ.

ಅವರು ಬಂದರು, ಸಂತೋಷದಿಂದಲೇ ಬಂದರು. ಬಟ್ಯ ಕಲ್ಲು ಒಡೆದ. ಮಾಂಕು ಕೆಳಗೆ ನಿಂತು ಬುಟ್ಟಿ ತುಂಬಿಸಿದಳು. ಮೇಲೆ ನಿಂತ ಅವರ ಗುಂಪಿನವರು ಎಳೆದರು. ದಿನ ಕಳೆದಂತೆ ಮೇಲಿನ ಆಕಾಶ ಬಟ್ಟಲಿನಷ್ಟಾಯಿತು. ಕಲ್ಲಿನ ಧೂಳು ಬೆವರಿನಲ್ಲಿ ಕಲಸಿ ಇಬ್ಬರೂ ಕೆಂಪಾದರು. ಒಂದು ಮಧ್ಯಾಹ್ನ ಬಟ್ಯನ ಹಾರೆಯ ತುದಿ ಸದ್ದಿಲ್ಲದೆ ಇಳಿಯಿತು. ಕಲ್ಲಿನ ಸಂದಿಯಿಂದ ನೀರು ಬೆರಳಿನಷ್ಟು ದಪ್ಪಕ್ಕೆ ಚಿಮ್ಮಿ ಮಾಂಕುವಿನ ಪಾದಕ್ಕೆ ಬಿತ್ತು. ತಣ್ಣಗಿತ್ತು.

ಸುದ್ದಿ ಮೇಲೆ ಹೋಯಿತು. ಧಣಿ ಓಡಿ ಬಂದು ಬಗ್ಗಿದ. ಹಿಂದೆಯೇ ನೀಲಾವತಿ ದೇವರ ನೀರಿಗೆಂದು ತಾಮ್ರದ ಕೊಡ ಹಿಡಿದು ಬಂದಳು. ಕಲಕಬೇಡಿ, ಕೈ ಹಾಕಬೇಡಿ, ಮೊದಲ ನೀರು ದೇವರಿಗೆ ಎಂದು ಧಣಿ ಮೇಲಿಂದ ಕೂಗಿದ. ಮಾಂಕು ಬಗ್ಗಿ ಎರಡೂ ಕೈಯಲ್ಲಿ ಬೊಗಸೆ ತುಂಬಿಸಿದಳು. ಮಣ್ಣು ತಳಕ್ಕೆ ಕೂರುವವರೆಗೆ ಕಾದಳು. ನಿಧಾನವಾಗಿ ಕುಡಿದಳು. ಆಮೇಲೆ ತಲೆ ಎತ್ತಿ, ಆ ಬಟ್ಟಲಿನಷ್ಟು ಆಕಾಶದ ಅಂಚಿನಲ್ಲಿ ಕಾಣುತ್ತಿದ್ದ ಮುಖಕ್ಕೆ ಹೇಳಿದಳು.

"ಸಿಹಿ ಉಂಟು ಧಣಿ. ಹೆದರಬೇಡಿ, ನಾನು ಕುಡಿದು ನೋಡಿದ್ದೇನೆ."

ಮೇಲಿನ ಮುಖ ಹಿಂದೆ ಸರಿಯಿತು. ಬಟ್ಯ ಹೆಂಡತಿಯ ಕೈ ಹಿಡಿದುಕೊಂಡ. ಆಮೇಲೆ ಹಗ್ಗ ಅಲುಗಿತು. ನೀಲಾವತಿ ತಾಮ್ರದ ಕೊಡವನ್ನು ಮೆಲ್ಲಗೆ ಮಾಂಕುವಿನ ಕೈಗೇ ಇಳಿಸಿದಳು.